‘ಕಂಪನಿಗೇ ಕೊಡಬೇಕು’ ಎನ್ನುವವರಿಗೆ ನನ್ನ ಉತ್ತರ

1989ರ ತಂಡದ ವಿದ್ಯಾರ್ಥಿಗಳು ತುಮಕೂರಿನಲ್ಲಿ ಏರ್ಪಡಿಸಿದ್ದ ಗುರುವಂದನೆಯ ವಿಷಯವನ್ನು ಹಿಂದಿನ ಬರಹದಲ್ಲಿ ವಿವರವಾಗಿ ಹೇಳಿದ್ದೆ. ಆ ದಿನ ಊಟದ ಹೊತ್ತಿನಲ್ಲಿ ನಡೆದ ಒಂದು ಮಾತುಕತೆಯನ್ನು ಮಾತ್ರ ಬೇಕೆಂದೇ ಬಿಟ್ಟಿದ್ದೆ. ಅದು ಜಗಳದ ಅಂಚಿನವರೆಗೆ ಹೋಗಿತ್ತು. ಶಾಲು ಹೊದಿಸಿ ಹಣ್ಣು ಕೊಟ್ಟವರೊಡನೆಯೇ ವಾದಕ್ಕಿಳಿಯುವುದು ಸೌಜನ್ಯವಲ್ಲವೆಂದು ಸುಮ್ಮನಾದೆ. ಆದರೆ ಆ ವಿದ್ಯಾರ್ಥಿ ಅನಂತರ ಎರಡು ಪುಟದಷ್ಟು ಉದ್ದದ ಮಿಂಚಂಚೆ ಬರೆದು, ‘ಸಾರ್, ಇದಕ್ಕೆ ನಿಮ್ಮ ಉತ್ತರ ಬೇಕು’ ಎಂದು ಪಟ್ಟು ಹಿಡಿದಿರುವುದರಿಂದ ಇಲ್ಲಿಯೇ ಉತ್ತರಿಸುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಆ ತಂಡದವರಿಗೆ ಹೇಗೂ ಗೊತ್ತು, ಉಳಿದವರಿಗೆ ಬೇಡ.

ಅವನ (ಈಗ ‘ಅವರ’ ಎನ್ನಬೇಕೋ ಏನೋ, ಐವತ್ತು ದಾಟಿದೆ, ಆದರೆ ನನ್ನ ಬಾಯಿಗೆ ಬರುವುದಿಲ್ಲ) ಮಣಿಕಟ್ಟಿನಲ್ಲಿ ಒಂದು ಸ್ವಿಸ್ ಕೈಗಡಿಯಾರವಿತ್ತು. ಬೆಲೆ ಕೇಳಿದೆ, ಹೇಳಿದ. 2006ರಲ್ಲಿ ನಾನು ನಿವೃತ್ತನಾದಾಗ ಕೈಗೆ ಬಂದ ಗ್ರಾಚ್ಯುಯಿಟಿಗಿಂತ ಅದು ಹೆಚ್ಚು. ನನಗೆ ಸಂತೋಷವೇ ಆಯಿತು. ಹುಡುಗ ದುಡಿದು ಸಂಪಾದಿಸಿದ್ದು, ಸಾಲ ಮಾಡಿ ತಂದದ್ದಲ್ಲ. ಬ್ಯಾಟರಿಯಿಲ್ಲದ ಗಡಿಯಾರ, ಕೈಯ ಚಲನೆಯಿಂದಲೇ ಒಳಗಿನ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಒಂದೇ ತೊಂದರೆ: ಎರಡು ವಾರದಿಂದ ಅದು ದಿನಕ್ಕೆ ನಾಲ್ಕೈದು ನಿಮಿಷ ಮುಂದೆ ಓಡುತ್ತಿತ್ತು. ‘ಬೆಂಗಳೂರಿಗೆ ಹೋದ ಮೇಲೆ ಸರ್ವಿಸ್ ಸೆಂಟರಿಗೆ ಕೊಡಬೇಕು ಸಾರ್, ಎರಡು ತಿಂಗಳು ಹೋಯಿತು ಅಂತಲೇ ಲೆಕ್ಕ’ ಎಂದ. ಇಲ್ಲೇ ಹತ್ತಿರದಲ್ಲಿ ಒಬ್ಬ ಸಾಹೇಬರಿದ್ದಾರೆ, ಒಮ್ಮೆ ತೋರಿಸೋಣವೆಂದೆ. ಎಲೆಯ ಮುಂದೆ ಕುಳಿತಿದ್ದವರೆಲ್ಲ ನಕ್ಕರು. ‘ರಸ್ತೆ ಬದಿಯವರ ಕೈಗೆ ಇಂಥ ವಾಚು ಕೊಟ್ಟರೆ ಮುಗೀತು ಸಾರ್. ಇದನ್ನು ಮಾಡಿದ ಕಂಪನಿಗೇ ಕೊಡಬೇಕು.’

ನಾನು ಹಟಮಾರಿ ಎಂಬುದು ನಿಮಗೆಲ್ಲ ತಿಳಿದದ್ದೇ. ಪಾಯಸ ಮುಗಿಸಿ ಅವನನ್ನು ಎಬ್ಬಿಸಿಕೊಂಡು ಹೋದೆ.

ಮೂರಡಿ ಅಗಲದ ಒಂದು ಗಾಜಿನ ಪೆಟ್ಟಿಗೆ, ಅದರ ಹಿಂದೆ ಒಂದು ಸ್ಟೂಲು, ಮೇಲೊಂದು ದೀಪ: ಸಾಹೇಬರ ಅಂಗಡಿಯೆಂದರೆ ಇಷ್ಟೇ. ಅವರು ಗಡಿಯಾರವನ್ನು ಕೈಗೆ ತೆಗೆದುಕೊಳ್ಳುವ ಮುನ್ನ ಕೈ ಒರೆಸಿಕೊಂಡರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಬೆನ್ನಿನ ಮುಚ್ಚಳವನ್ನು ಸುತ್ತಲೂ ನೋಡಿದರು. ‘ವಾರಂಟಿ ಇದೆಯಾ?’ ಎಂದು ಕೇಳಿದರು. ಇನ್ನೂ ಒಂದು ವರ್ಷವಿದೆ ಎಂದ. ‘ಹಾಗಾದರೆ ನಾನು ಇದರ ಮುಚ್ಚಳ ಬಿಚ್ಚೋದಿಲ್ಲ ಮೇಷ್ಟ್ರೇ. ಬಿಚ್ಚಿದರೂ ಇದರ ಸಾಮಾನು ನನಗೆ ಯಾರೂ ಕೊಡೋದಿಲ್ಲ’ ಎಂದರು. ನನ್ನ ವಿದ್ಯಾರ್ಥಿ ನನ್ನತ್ತ ನೋಡಿ ನಕ್ಕ. ತಾನು ಗೆದ್ದೆನೆಂಬ ನಗು. ಅಷ್ಟರಲ್ಲಿ ಸಾಹೇಬರು ಡ್ರಾಯರಿನಿಂದ ಮಕ್ಕಳು ಆಡುವಂಥ ಒಂದು ಸಣ್ಣ ದಿಕ್ಸೂಚಿ ತೆಗೆದು ಮೇಜಿನ ಮೇಲಿಟ್ಟರು. ಗಡಿಯಾರವನ್ನು ಅದರ ಹತ್ತಿರ ತಂದರು. ದಿಕ್ಸೂಚಿಯ ಮುಳ್ಳು ನಡುಗಿ ಓಲಾಡಿತು.

‘ರಾತ್ರಿ ಇದನ್ನ ಎಲ್ಲಿ ಇಡ್ತೀರಿ?’

ಹಾಸಿಗೆಯ ಪಕ್ಕದಲ್ಲಿ, ಟ್ಯಾಬ್ಲೆಟ್ಟಿನ ಮೇಲೆ ಎಂದ. ಅದರ ಹೊದಿಕೆಯಲ್ಲಿ ಅಯಸ್ಕಾಂತಗಳಿದ್ದವು.

ಸಾಹೇಬರು ನೀಲಿ ಬಣ್ಣದ ಒಂದು ಪುಟ್ಟ ಪೆಟ್ಟಿಗೆಯನ್ನು ಕರೆಂಟಿಗೆ ಸಿಕ್ಕಿಸಿ, ಗಡಿಯಾರವನ್ನು ಅದರ ಮೇಲೆ ಹಿಡಿದು, ಗುಂಡಿ ಒತ್ತಿ, ನಿಧಾನವಾಗಿ ಮೇಲಕ್ಕೆತ್ತಿದರು. ಹೀಗೆ ಮೂರು ಸಲ. ಮತ್ತೆ ದಿಕ್ಸೂಚಿಯ ಬಳಿ ತಂದಾಗ ಮುಳ್ಳು ಅಲುಗಲಿಲ್ಲ. ಹಣ ಬೇಡವೆಂದರು, ಬಲವಂತಕ್ಕೆ ಐವತ್ತು ರೂಪಾಯಿ ಇಟ್ಟುಕೊಂಡರು. ಮರುದಿನ ಸಂಜೆ ಅವನಿಂದ ಸಂದೇಶ ಬಂತು: ನಿನ್ನೆಯಿಂದ ಮೂರೇ ಸೆಕೆಂಡು ಮುಂದಿದೆ. ದಿನವೊಂದಕ್ಕೆ 86,400 ಸೆಕೆಂಡು. ಸ್ವಿಟ್ಜರ್ಲೆಂಡಿನ ಅಧಿಕೃತ ಕ್ರೊನೊಮೀಟರ್ ಪರೀಕ್ಷೆಯೇ ದಿನಕ್ಕೆ ಸರಾಸರಿ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ ಇರುವುದನ್ನು ಒಪ್ಪುತ್ತದೆ.

ನಡೆದದ್ದು ಸರಳ. ಗಡಿಯಾರದೊಳಗೆ ಬ್ಯಾಲೆನ್ಸ್ ಚಕ್ರವನ್ನು ಅತ್ತಿತ್ತ ತೂಗಿಸುವ ಒಂದು ಸುರುಳಿ ಸ್ಪ್ರಿಂಗ್ ಇರುತ್ತದೆ, ಕೂದಲಿನಂಥದ್ದು. ಅದಕ್ಕೆ ಕಾಂತತ್ವ ಬಂದರೆ ಸುರುಳಿಯ ಸುತ್ತುಗಳು ಒಂದಕ್ಕೊಂದು ಅಂಟುತ್ತವೆ, ಸ್ಪ್ರಿಂಗಿನ ಉದ್ದ ಕಡಿಮೆಯಾದಂತಾಗುತ್ತದೆ, ತೂಗಾಟ ಬೇಗವಾಗುತ್ತದೆ. ಲೋಲಕದ ದಾರ ಗಿಡ್ಡವಾದರೆ ಏನಾಗುವುದೆಂದು ಒಂಬತ್ತನೆಯ ತರಗತಿಯಲ್ಲಿ ಪ್ರಯೋಗ ಮಾಡಿಸುತ್ತಿದ್ದೆನಲ್ಲ, ಹೆಚ್ಚುಕಡಿಮೆ ಅದೇ ಬಗೆ. ಮೂವತ್ತೆರಡು ವರ್ಷ ಅಯಸ್ಕಾಂತದ ಪಾಠ ಹೇಳಿದ ನನಗೆ ಅದು ಹೊಳೆಯಲಿಲ್ಲ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಇಷ್ಟಾದ ಮೇಲೂ ಅವನ ಮಿಂಚಂಚೆ. ಅವನ ವಾದ ಹೀಗಿದೆ: ಇದು ಅದೃಷ್ಟ, ಆದರೆ ನಿಜವಾದ ಸರ್ವಿಸ್ ಮಾಡಿಸುವಾಗ ಕಂಪನಿಯೇ ಸರಿ. ತಾನು ಮಾಡಿದ ಗಡಿಯಾರವನ್ನು ಕಂಪನಿಗಿಂತ ಚೆನ್ನಾಗಿ ಬಲ್ಲವರಾರು? ಅಸಲಿ ಬಿಡಿಭಾಗ ಅವರ ಬಳಿಯೇ ಇರುವುದು. ಮಾಡಿದ ಕೆಲಸಕ್ಕೆ ಎರಡು ವರ್ಷದ ಖಾತರಿ ಕೊಡುತ್ತಾರೆ. ಸಾಹೇಬರ ಕೈಯಲ್ಲಿ ಹಾಳಾದರೆ ಯಾರನ್ನು ಕೇಳುವುದು?

ಇದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ವಾರಂಟಿಯೊಳಗಿನ ಗಡಿಯಾರವನ್ನು ಕಂಪನಿಗಲ್ಲದೆ ಬೇರೆಯವರಿಗೆ ಕೊಡುವುದು ಮೂರ್ಖತನ. ಸಾಹೇಬರೇ ಅದನ್ನು ಹೇಳಿದರು. ಸಿಲಿಕಾನಿನ ಸುರುಳಿ ಸ್ಪ್ರಿಂಗ್ ಹಾಕಿದ ಈಚಿನ ಗಡಿಯಾರಗಳಿವೆ. ಇಂಗ್ಲೆಂಡಿನ ಜಾರ್ಜ್ ಡೇನಿಯಲ್ಸ್ ಕಂಡುಹಿಡಿದು, ಒಮೆಗಾ ಕಂಪನಿ 1999ರಲ್ಲಿ ಮಾರುಕಟ್ಟೆಗೆ ತಂದ ಕೋ-ಆಕ್ಸಿಯಲ್ ಎಂಬ ರಚನೆಯಿದೆ. ಇಂಥವುಗಳನ್ನು ಅದಕ್ಕೆಂದೇ ತರಬೇತಿ ಪಡೆಯದವರು ಮುಟ್ಟಬಾರದು. ಇಲ್ಲಿಯವರೆಗೆ ನಮ್ಮಿಬ್ಬರಲ್ಲಿ ಭೇದವಿಲ್ಲ. ಭೇದವಿರುವುದು ಆ ‘ಕಂಪನಿಗೇ’ ಎಂಬ ಮಾತಿನ ಕೊನೆಯ ಏಕಾರದಲ್ಲಿ.

ಸರ್ವಿಸ್ ಎಂದರೇನೆಂದು ಮೊದಲು ತಿಳಿಯೋಣ. ಈಗಿನ ಹೆಚ್ಚಿನ ಯಾಂತ್ರಿಕ ಕೈಗಡಿಯಾರಗಳ ಬ್ಯಾಲೆನ್ಸ್ ಚಕ್ರ ಗಂಟೆಗೆ 28,800 ಸಲ ತೂಗುತ್ತದೆ. ದಿನಕ್ಕೆ 6,91,200, ವರ್ಷಕ್ಕೆ ಇಪ್ಪತ್ತೈದು ಕೋಟಿಗೂ ಮಿಕ್ಕಿ. ಆ ಚಕ್ರದ ಅಚ್ಚಿನ ತುದಿ ತಲೆಗೂದಲಿನಷ್ಟು ಸಣ್ಣ. ಅದು ಕೃತಕ ಮಾಣಿಕ್ಯದ ಕುಳಿಯಲ್ಲಿ, ಬರಿಗಣ್ಣಿಗೆ ಕಾಣದಷ್ಟು ಎಣ್ಣೆಯಲ್ಲಿ ಹೊರಳುತ್ತದೆ. ವರ್ಷ ಕಳೆದಂತೆ ಎಣ್ಣೆ ಒಣಗುತ್ತದೆ, ಇಲ್ಲವೇ ಇರಬೇಕಾದ ಜಾಗ ಬಿಟ್ಟು ಹರಡುತ್ತದೆ. ಅಲ್ಲಿಂದ ಲೋಹ ಸವೆಯತೊಡಗುತ್ತದೆ. ಗಡಿಯಾರವೇನೋ ನಡೆಯುತ್ತಲೇ ಇರುತ್ತದೆ, ಆದ್ದರಿಂದ ನಮಗೆ ಗೊತ್ತೇ ಆಗುವುದಿಲ್ಲ. ಒಮೆಗಾ ಕಂಪನಿ 5ರಿಂದ 8 ವರ್ಷಕ್ಕೊಮ್ಮೆ, ರೋಲೆಕ್ಸ್ ಸುಮಾರು 10 ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಿರೆಂದು ಹೇಳುವುದು ಇದಕ್ಕೇ. ಅಂದರೆ ಇಡೀ ಯಂತ್ರವನ್ನು ಬಿಚ್ಚಿ, ತೊಳೆದು, ಒಂದೊಂದು ಭಾಗದ ಸವೆತವನ್ನೂ ನೋಡಿ, ಒಂದೆಡೆ ತೆಳು ಎಣ್ಣೆ, ಇನ್ನೊಂದೆಡೆ ಮಂದವಾದ ಗ್ರೀಸ್ ಹಾಕಿ, ಎಣ್ಣೆ ಸೋಕಬಾರದ ಕಡೆ ಸೋಕಿಸದೆ ಜೋಡಿಸಿ, ವೇಗವಳೆಯುವ ಯಂತ್ರದ ಮೇಲೆ ಮಲಗಿಸಿ, ನಿಲ್ಲಿಸಿ, ಪಕ್ಕಕ್ಕೆ ತಿರುಗಿಸಿ ಪರೀಕ್ಷಿಸಬೇಕು. ನೀರು ನುಗ್ಗದಂತೆ ತಡೆಯುವ ರಬ್ಬರಿನ ಬಳೆಗಳನ್ನು ಬದಲಿಸಿ ಒತ್ತಡದ ಪರೀಕ್ಷೆ ಮಾಡಬೇಕು. ಮುಚ್ಚಳ ತೆಗೆದು ಒಂದು ತೊಟ್ಟು ಎಣ್ಣೆ ಬಿಟ್ಟು ಕೊಡುವುದಕ್ಕೂ ಊರಿನಲ್ಲಿ ಸರ್ವಿಸ್ ಎನ್ನುತ್ತಾರೆ. ಅದು ಸರ್ವಿಸ್ ಅಲ್ಲ. ಒಣಗಿದ ಕೊಳೆಯ ಮೇಲೆ ಹೊಸ ಎಣ್ಣೆ.

ಇಷ್ಟೂ ಕೆಲಸವನ್ನು ಮಾಡುವುದು ಕಂಪನಿಯಲ್ಲ. ಯಾವುದೋ ಮೇಜಿನ ಮುಂದೆ ಕುಳಿತ ಒಬ್ಬ ಮನುಷ್ಯ. ಅವನು ನಿಪುಣನಿರಬಹುದು, ಹೊಸಬನಿರಬಹುದು. ಅಂದು ಅವನಿಗೆ ಹತ್ತು ಗಡಿಯಾರ ಮುಗಿಸುವ ಆತುರವಿರಬಹುದು. ಹವಾನಿಯಂತ್ರಿತ ಕೋಣೆಯಲ್ಲಿ ನಿಮಗೆ ಕಾಫಿ ಕೊಟ್ಟು ಗಡಿಯಾರ ಪಡೆದುಕೊಳ್ಳುವ ತರುಣ ಒಂದು ಗಡಿಯಾರವನ್ನೂ ಬಿಚ್ಚಿದವನಲ್ಲ. ಬಿಚ್ಚುವವನನ್ನು ನೀವು ನೋಡುವುದಿಲ್ಲ, ಅವನು ನಿಮ್ಮನ್ನು ಕೇಳುವುದಿಲ್ಲ. ವೈದ್ಯರ ಹೆಸರನ್ನೂ ಹೇಳದೆ, ‘ಆಸ್ಪತ್ರೆ ದೊಡ್ಡದು, ರೋಗಿಯನ್ನು ಬಿಟ್ಟು ಹೋಗಿ’ ಎಂದರೆ ನಾವು ಒಪ್ಪುತ್ತೇವೆಯೇ?

ಈಗ ನನ್ನ ಮನೆಯ ಕಥೆ. ನೆಂಟರಲ್ಲಿ ಕೆಲವರಿಗೆ ಇದು ಅರ್ಧ ಗೊತ್ತು. ಪೂರ್ತಿ ಹೇಳಲು ಇಷ್ಟು ವರ್ಷ ನಾಚಿಕೆಯಾಗಿತ್ತು.

ನಮ್ಮ ಮಾವನವರು ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರರಾಗಿದ್ದವರು. 1957ರಲ್ಲಿ ಬೊಂಬಾಯಿಗೆ ಹೋಗಿದ್ದಾಗ ಒಂದು ಸ್ವಿಸ್ ಗಡಿಯಾರ ಕೊಂಡರು. ಅದರ ಬಿಳಿಯ ಡಯಲ್ ಕಾಲಕ್ರಮದಲ್ಲಿ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ನಾಲ್ಕರ ಅಂಕಿಯ ಪಕ್ಕದಲ್ಲಿ ಎಳ್ಳುಕಾಳಿನಷ್ಟು ಕಪ್ಪು ಕಲೆ. ಅರಸೀಕೆರೆಯಲ್ಲಿದ್ದಾಗ ಒಂದು ಮಳೆಗಾಲದಲ್ಲಿ ನೀರು ಹೊಕ್ಕು ಆದದ್ದಂತೆ. ಮಾವನವರು 1994ರಲ್ಲಿ ತೀರಿಕೊಂಡ ಮೇಲೆ ಅತ್ತೆಯವರು ಪ್ರತಿದಿನ ಬೆಳಗ್ಗೆ ದೇವರ ದೀಪ ಹಚ್ಚಿದ ಕೂಡಲೇ ಅದಕ್ಕೆ ಕೀ ಕೊಡುತ್ತಿದ್ದರು. ಕೀ ಕೊಟ್ಟು ಕಿವಿಗೆ ಹಿಡಿದು ಕೇಳುತ್ತಿದ್ದರು. 2012ರಲ್ಲಿ ಅದು ನಿಂತಿತು. ಅಳಿಯನಾದ ನಾನು ದೊಡ್ಡಸ್ತಿಕೆಯಿಂದ, ಖರ್ಚು ನನ್ನದೇ ಎಂದು ಹೇಳಿ, ಬೆಂಗಳೂರಿನ ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಒಯ್ದೆ. ಯಾವ ಕಂಪನಿ ಎಂದು ಹೇಳುವುದಿಲ್ಲ, ಕೇಳಬೇಡಿ. ಹಳೆಯದಾದ್ದರಿಂದ ಸ್ವಿಟ್ಜರ್ಲೆಂಡಿಗೇ ಕಳುಹಿಸಬೇಕೆಂದರು. ಒಂದು ಅರ್ಜಿ ಮುಂದಿಟ್ಟರು, ಸಹಿ ಹಾಕಿದೆ.

ಐದು ತಿಂಗಳಾದ ಮೇಲೆ ಬಂತು. ಹೊಳೆಯುವ ಹೊಸ ಡಯಲ್, ಹೊಸ ಮುಳ್ಳುಗಳು. ಕವಚಕ್ಕೆ ಹೊಳಪು ಕೊಟ್ಟ ರಭಸಕ್ಕೆ ಅಂಚುಗಳೆಲ್ಲ ಸಾಬೂನಿನ ಹಾಗೆ ದುಂಡಗಾಗಿದ್ದವು. ಹಿಂಭಾಗದಲ್ಲಿ ಮಾವನವರು ಸೂಜಿಯಿಂದ ಗೀಚಿಕೊಂಡಿದ್ದ ಅವರ ಹೆಸರಿನ ಮೊದಲಕ್ಷರಗಳು ಇದ್ದ ಜಾಗ ಕನ್ನಡಿಯಂತಿತ್ತು. ಅತ್ತೆಯವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ‘ಚೆನ್ನಾಗಿದೆ. ಆದರೆ ಇದು ಅವರದಲ್ಲವಲ್ಲ’ ಎಂದರು. ಕಿವಿಗೆ ಹಿಡಿಯಲಿಲ್ಲ.

ಹಳೆಯ ಡಯಲ್ ವಾಪಸು ಕೊಡಿ ಎಂದು ಕೇಳಲು ಮತ್ತೆ ಬೆಂಗಳೂರಿಗೆ ಹೋದೆ. ಅರ್ಜಿಯ ಹಿಂಬದಿಯನ್ನು ತೋರಿಸಿದರು. ಅಗತ್ಯವೆನಿಸಿದ ಭಾಗಗಳನ್ನು ಬದಲಿಸುವ ಅಧಿಕಾರ ಅವರಿಗೆ; ಬದಲಿಸಿದ ಹಳೆಯ ಭಾಗಗಳು ಬೇಕಿದ್ದರೆ ಮೊದಲೇ ಬರೆದು ಕೊಟ್ಟಿರಬೇಕಿತ್ತು. ಕೆಳಗೆ ನನ್ನದೇ ಸಹಿ. ಪ್ರಶ್ನೆಪತ್ರಿಕೆಯನ್ನು ಪೂರ್ತಿ ಓದಿದ ಮೇಲೆಯೇ ಬರೆಯಲು ಆರಂಭಿಸಿ ಎಂದು ಎಷ್ಟು ಸಾವಿರ ಮಕ್ಕಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ.

ಅವರು ಹಾಗೆ ಮಾಡಲು ಕಾರಣವೂ ಇದ್ದಿರಬಹುದೆಂದು ಆಮೇಲೆ ಓದಿ ತಿಳಿದೆ. ಆ ಕಾಲದ ಅನೇಕ ಗಡಿಯಾರಗಳಲ್ಲಿ ಕತ್ತಲಲ್ಲಿ ಹೊಳೆಯಲೆಂದು ಅಂಕಿಗಳಿಗೂ ಮುಳ್ಳುಗಳಿಗೂ ರೇಡಿಯಂ ಬೆರೆಸಿದ ಬಣ್ಣ ಬಳಿಯುತ್ತಿದ್ದರು. ಮಾವನವರದು ಹೊಳೆಯುವುದನ್ನು ನಿಲ್ಲಿಸಿ ಎಷ್ಟೋ ವರ್ಷವಾಗಿತ್ತು. ಆದರೆ ಹೊಳಪು ಹೋಗುವುದು ಬಣ್ಣದಲ್ಲಿರುವ ಹೊಳೆಯುವ ವಸ್ತು ಕೆಡುವುದರಿಂದ. ರೇಡಿಯಂ ಹಾಗೆಯೇ ಇರುತ್ತದೆ. ಅದರ ಅರ್ಧಾಯು ಸುಮಾರು 1,600 ವರ್ಷ. ಆ ಬಣ್ಣ ಪುಡಿಯಾಗಿ ಉಸಿರಿನೊಳಗೆ ಹೋದರೆ ಅಪಾಯ, ಮೊದಲು ಅಪಾಯ ಗಡಿಯಾರ ಬಿಚ್ಚುವವನಿಗೆ. ಆದ್ದರಿಂದ ಡಯಲ್ ತೆಗೆದರೆಂದು ಈಗ ನಾನು ದೂರುವುದಿಲ್ಲ. ತೆಗೆಯುವ ಮುನ್ನ ಒಂದು ಫೋನು ಮಾಡಲಿಲ್ಲವಲ್ಲ, ಅದು ನನ್ನ ದೂರು. ಬೆನ್ನಿನ ಮೇಲಿನ ಅಕ್ಷರಗಳಲ್ಲಂತೂ ರೇಡಿಯಂ ಇರಲಿಲ್ಲ.

2009ರ ಮಾರ್ಚಿನಲ್ಲಿ ಗಾಂಧೀಜಿಯವರ ಜೇಬುಗಡಿಯಾರ, ಕನ್ನಡಕ, ಚಪ್ಪಲಿ, ಬಟ್ಟಲು ಮತ್ತು ತಟ್ಟೆ ನ್ಯೂಯಾರ್ಕಿನಲ್ಲಿ ಹರಾಜಾದದ್ದು ನಿಮಗೆ ನೆನಪಿರಬಹುದು. ನಮ್ಮ ವಿಜಯ ಮಲ್ಯ ಅವರು 18 ಲಕ್ಷ ಡಾಲರಿಗೆ ಕೊಂಡರು. ಆ ಜೆನಿತ್ ಗಡಿಯಾರವನ್ನು ಹರಾಜಿಗೆ ಮುನ್ನ ಯಾರಾದರೂ ಉಜ್ಜಿ, ಡಯಲ್ ಬದಲಿಸಿ, ಹೊಚ್ಚಹೊಸದು ಮಾಡಿದ್ದರೆ ಏನಾಗುತ್ತಿತ್ತು? ಹಳೆಯ ಗಡಿಯಾರ ಸಂಗ್ರಹಿಸುವವರಿಗೆ ಇದು ಚೆನ್ನಾಗಿ ಗೊತ್ತು. ಅವರು ಹಳೆಯ ಡಯಲನ್ನು ಕಲೆಯ ಸಮೇತ ಕೇಳುತ್ತಾರೆ, ಉಜ್ಜಿದ ಕವಚಕ್ಕೆ ಬೆಲೆ ಕಡಿಮೆ ಕಟ್ಟುತ್ತಾರೆ. ಕಂಪನಿಗಳಲ್ಲೂ ಈಗ ಕೇಳಿದರೆ ಹೊಳಪು ಕೊಡದೆ ಬಿಡುತ್ತಾರೆ. ಕೇಳಬೇಕೆಂದು ಗೊತ್ತಿರಬೇಕು, ಅಷ್ಟೇ.

ಇನ್ನು ಬಿಡಿಭಾಗದ ಮಾತು. ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

‘ಅಸಲಿ ಸಾಮಾನು ಕಂಪನಿಯವರ ಬಳಿಯೇ ಇರುವುದು’ ಎಂದು ನನ್ನ ವಿದ್ಯಾರ್ಥಿ ಅವರ ಗುಣವೆಂಬಂತೆ ಬರೆದಿದ್ದಾನೆ. ಅದು ಅವರ ಬಳಿಯೇ ಏಕಿದೆ ಎಂದು ಕೇಳಿಲ್ಲ. ಪ್ರಸಿದ್ಧ ಸ್ವಿಸ್ ಕಂಪನಿಗಳಲ್ಲಿ ಹಲವು ತಾವು ಮಾನ್ಯ ಮಾಡಿದ ದುರಸ್ತಿಗಾರರಿಗೆ ಬಿಟ್ಟು ಇತರರಿಗೆ ಬಿಡಿಭಾಗ ಮಾರುವುದನ್ನೇ ನಿಲ್ಲಿಸಿವೆ. ಒಮೆಗಾ, ಲಾಂಜಿನ್, ಟಿಸೊ ಮೊದಲಾದವುಗಳ ಒಡೆತನವಿರುವ ಸ್ವಾಚ್ ಸಮೂಹ 2015ರ ಕೊನೆಗೆ ಬ್ರಿಟನ್ನಿನ ಒಂದು ದೊಡ್ಡ ಸಗಟು ಸಂಸ್ಥೆಗೆ ಬಿಡಿಭಾಗ ಕೊಡುವುದನ್ನು ನಿಲ್ಲಿಸಿತು. ಅದರಿಂದ ಕೊಳ್ಳುತ್ತಿದ್ದ ಸ್ವತಂತ್ರ ದುರಸ್ತಿಗಾರರು ಬರಿಗೈಯಾದರು. ಇದಕ್ಕೂ ಮೊದಲೇ, 2004ರಲ್ಲಿ, ಯುರೋಪಿನ ಗಡಿಯಾರ ದುರಸ್ತಿಗಾರರ ಸಂಘಗಳ ಒಕ್ಕೂಟ ಯುರೋಪಿಯನ್ ಆಯೋಗಕ್ಕೆ ದೂರು ಕೊಟ್ಟಿತ್ತು. ಆಯೋಗ 2008ರಲ್ಲಿ ಅದನ್ನು ತಳ್ಳಿಹಾಕಿತು. 2010ರ ಡಿಸೆಂಬರಿನಲ್ಲಿ ಯುರೋಪಿನ ಜನರಲ್ ಕೋರ್ಟ್ ಆ ನಿರ್ಧಾರವನ್ನು ರದ್ದುಪಡಿಸಿತು. ಆಯೋಗ ಮತ್ತೆ ತನಿಖೆ ಮಾಡಿ 2014ರಲ್ಲಿ ಕಡತ ಮುಚ್ಚಿತು. 2017ರ ಅಕ್ಟೋಬರಿನಲ್ಲಿ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹದಿಮೂರು ವರ್ಷ ಹೋರಾಡಿ ದುರಸ್ತಿಗಾರರು ಸೋತರು. ನಕಲಿ ಮಾಲನ್ನು ತಡೆಯಲು, ದುರಸ್ತಿಯ ಗುಣಮಟ್ಟ ಕಾಯಲು ಇದು ಅಗತ್ಯವೆಂಬುದು ಕಂಪನಿಗಳ ಪರವಾದ ವಾದ.

ಕಾನೂನು ಅವರ ಕಡೆಗಿರಬಹುದು. ನ್ಯಾಯ ಅವರ ಕಡೆಗಿದೆಯೆಂದು ನನಗೆ ಅನಿಸುವುದಿಲ್ಲ. ಮೊದಲು ಸಾಹೇಬರಿಗೆ ಸಾಮಾನು ಕೊಡುವುದಿಲ್ಲ. ಸಾಮಾನಿಲ್ಲದ್ದರಿಂದ ಅವರ ಬಳಿಗೆ ದೊಡ್ಡ ಗಡಿಯಾರಗಳು ಬರುವುದಿಲ್ಲ. ಬಾರದ್ದರಿಂದ ಅವುಗಳ ಕೆಲಸ ಕಲಿಯುವುದಕ್ಕೂ, ಹೊಸ ಉಪಕರಣ ಕೊಳ್ಳುವುದಕ್ಕೂ ದಾರಿಯಿಲ್ಲ. ಕೊನೆಗೆ ಅವರ ಮೂರಡಿಯ ಪೆಟ್ಟಿಗೆಯನ್ನು ತೋರಿಸಿ, ‘ನೋಡಿ, ಇವರ ಬಳಿ ಸಾಮಾನೂ ಇಲ್ಲ, ಉಪಕರಣವೂ ಇಲ್ಲ, ನಮ್ಮಲ್ಲಿಗೇ ಬನ್ನಿ’ ಎನ್ನುವುದು. ಬೆರಳು ಕತ್ತರಿಸಿ ಬಿಲ್ಲು ಹಿಡಿಯಲು ಬಾರದವನೆಂದು ಹಂಗಿಸಿದ ಹಾಗೆ. ನಮ್ಮ ದೇಶದಲ್ಲೂ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಒಂದು ಸಮಿತಿ ರಚಿಸಿತು. ಕೃಷಿ ಉಪಕರಣ, ಮೊಬೈಲ್, ಗೃಹಬಳಕೆಯ ಸಾಮಗ್ರಿ, ವಾಹನಗಳನ್ನು ಹೆಸರಿಸಿತು. ಕೈಗಡಿಯಾರ ಅದರಲ್ಲಿರಲಿಲ್ಲ. ಶ್ರೀಮಂತರ ಆಟಿಕೆಯೆಂದು ಬಿಟ್ಟರೋ ಏನೋ. ಅದನ್ನು ದುರಸ್ತಿ ಮಾಡುವವನು ಶ್ರೀಮಂತನಲ್ಲ ಎಂಬುದು ಯಾರಿಗೂ ಹೊಳೆದಂತಿಲ್ಲ.

ತುಮಕೂರಿನವರಾದ ನಮಗೆ ‘ಕಂಪನಿಗೇ’ ಎಂಬ ಮಾತಿನ ಆಯಸ್ಸು ಎಷ್ಟೆಂದು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಆರಂಭವಾಯಿತು. ಮುಂದೆ ನಮ್ಮೂರಿಗೂ ಬಂತು. ಅಲ್ಲಿ ಕೆಲಸ ಸಿಕ್ಕ ಹುಡುಗನಿಗೆ ಹೆಣ್ಣು ಕೊಡಲು ಜನ ಸಾಲುಗಟ್ಟುತ್ತಿದ್ದರು. ನನ್ನ ವಿದ್ಯಾರ್ಥಿಗಳಲ್ಲೇ ಎಷ್ಟೋ ಮಂದಿಯ ಅಪ್ಪಂದಿರು ಆ ಬಸ್ಸಿಗೆ ಬೆಳಗ್ಗೆ ಕಾಯುತ್ತಿದ್ದರು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ನಮ್ಮೂರಿನ ಕಾರ್ಖಾನೆಯ ಜಾಗ ಇಸ್ರೋ ಪಾಲಾಯಿತು. ಆದರೆ ಜನತಾ, ಪೈಲಟ್, ಸೋನಾ ಗಡಿಯಾರಗಳು ಇಂದಿಗೂ ಟಿಕ್ ಟಿಕ್ ಎನ್ನುತ್ತಿದ್ದರೆ ಅದಕ್ಕೆ ಕಾರಣ ಸಾಹೇಬರಂಥವರು, ಅವರು ಸತ್ತ ಗಡಿಯಾರಗಳಿಂದ ಬಿಚ್ಚಿ ಬೆಂಕಿಪೊಟ್ಟಣಗಳಲ್ಲಿ ಕೂಡಿಟ್ಟ ಚಕ್ರಗಳು. ಸ್ವಿಟ್ಜರ್ಲೆಂಡಿನಲ್ಲೂ 1970 ಮತ್ತು 80ರ ದಶಕಗಳಲ್ಲಿ, ಬ್ಯಾಟರಿ ಗಡಿಯಾರಗಳು ಬಂದಾಗ, ಎಷ್ಟೋ ಹೆಸರುವಾಸಿ ಕಂಪನಿಗಳು ಮುಳುಗಿದವು. ಐವತ್ತು ವರ್ಷ ಬಾಳುತ್ತದೆ, ಮೊಮ್ಮಗನಿಗೂ ಬರುತ್ತದೆ ಎಂದು ಜಾಹೀರಾತು ನಂಬಿ ಕೊಂಡ ಗಡಿಯಾರದ ದುರಸ್ತಿವಿದ್ಯೆಯನ್ನು ಒಂದೇ ಕಂಪನಿಯ ಬೀಗದಲ್ಲಿಟ್ಟು ನಿಶ್ಚಿಂತೆಯಿಂದಿರುವುದು ಹೇಗೆ?

ಹಾಗೆಂದು ರಸ್ತೆ ಬದಿಯ ಪ್ರತಿಯೊಬ್ಬರೂ ವಿಶ್ವಕರ್ಮರೆಂದು ನಾನು ಹೇಳುವುದಿಲ್ಲ. 1974ರಲ್ಲಿ ಮೊದಲ ಸಂಬಳದಲ್ಲಿ ಕೊಂಡ ನನ್ನ ಎಚ್‌ಎಂಟಿ ಜನತಾವನ್ನು ಇದೇ ಊರಿನ ಇನ್ನೊಬ್ಬರ ಕೈಗೆ ಕೊಟ್ಟು ಕೆಡಿಸಿಕೊಂಡವನು ನಾನು. ಎಲ್ಲರಿಗೂ ಅವಸರ, ನನಗೂ ಅವಸರ. ಅರ್ಧ ಗಂಟೆಯಲ್ಲಿ ಕೊಟ್ಟರು. ಮೂರು ತಿಂಗಳಿಗೆ ನಿಂತಿತು. ಆಗ ಸಾಹೇಬರು ಮುಚ್ಚಳ ತೆಗೆದು ನನ್ನ ಕಣ್ಣಿಗೇ ಭೂತಗನ್ನಡಿ ಕೊಟ್ಟು ತೋರಿಸಿದರು: ಸ್ಕ್ರೂಗಳ ತಲೆಯೆಲ್ಲ ಕಿತ್ತುಹೋಗಿದೆ, ಸುರುಳಿ ಸ್ಪ್ರಿಂಗಿನವರೆಗೂ ಎಣ್ಣೆ ಹರಿದಿದೆ, ಒಂದು ಚಕ್ರ ಬೇರೆ ಯಾವುದೋ ಗಡಿಯಾರದ್ದು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಾನು ಒಪ್ಪುವವನಲ್ಲ. ಆದರೆ ಹಿತ್ತಲಲ್ಲಿ ವಿಷದ ಗಿಡವೂ ಬೆಳೆಯುತ್ತದೆ.

ಹಾಗಾದರೆ ಗುರುತಿಸುವುದು ಹೇಗೆ ಎಂದು ಅವನು ಕೇಳಿದ್ದಾನೆ. ನನಗೆ ಕಂಡಷ್ಟು ಹೇಳುತ್ತೇನೆ. ‘ಇದು ನನ್ನಿಂದ ಆಗದು’ ಎಂದು ಹೇಳಬಲ್ಲವನನ್ನು ಮೊದಲು ನಂಬುತ್ತೇನೆ. ಸಾಹೇಬರು ಮುಚ್ಚಳ ಬಿಚ್ಚಲು ಒಪ್ಪದಿದ್ದಾಗ ನನ್ನ ವಿದ್ಯಾರ್ಥಿ ಅದನ್ನು ಅಸಮರ್ಥತೆ ಎಂದುಕೊಂಡು ನಕ್ಕ. ನನಗೆ ಆ ಕ್ಷಣದಲ್ಲಿ ಅವರ ಮೇಲಿನ ಗೌರವ ಹೆಚ್ಚಾಯಿತು. ಬೆಂಗಳೂರಿನಂಥ ಊರಿನಲ್ಲಿ ದುಬಾರಿ ಗಡಿಯಾರಗಳ ಕೆಲಸವನ್ನೇ ಮಾಡುವ ಸ್ವತಂತ್ರ ದುರಸ್ತಿಗಾರರಿದ್ದಾರೆ. ಅವರ ಬಳಿ ಹೋದಾಗ ಎಲ್ಲಿ ಕಲಿತಿರಿ ಎಂದು ಕೇಳಲು ಸಂಕೋಚ ಬೇಡ. ವೇಗವಳೆಯುವ ಯಂತ್ರವಿದೆಯೇ, ನೀರಿನ ಒತ್ತಡ ಪರೀಕ್ಷಿಸುವ ಸಾಧನವಿದೆಯೇ ನೋಡಿ. ಇದೇ ಬಗೆಯ ಯಂತ್ರವನ್ನು ಹಿಂದೆ ಬಿಚ್ಚಿದ್ದೀರಾ, ಸಾಮಾನು ಬೇಕಾದರೆ ಎಲ್ಲಿಂದ ತರಿಸುತ್ತೀರಿ ಎಂದು ಕೇಳಿ. ಒಳ್ಳೆಯ ಕೆಲಸಗಾರನಿಗೆ ಈ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ, ಉಲ್ಲಾಸವೇ ಬರುತ್ತದೆ. ಬಿಚ್ಚುವ ಮುನ್ನ ಫೋಟೋ ತೆಗೆದುಕೊಳ್ಳುತ್ತಾನೆ, ಏನೇನು ಬದಲಿಸಬೇಕೆಂದು ಫೋನಿನಲ್ಲಿ ಕೇಳುತ್ತಾನೆ, ಹಳೆಯ ಭಾಗಗಳನ್ನು ಪೊಟ್ಟಣ ಕಟ್ಟಿ ಕೊಡುತ್ತಾನೆ. ಅರ್ಧ ಗಂಟೆಯಲ್ಲಿ ಸರ್ವಿಸ್ ಮಾಡಿಕೊಡುತ್ತೇನೆ ಎನ್ನುವವನಿಂದ ಎದ್ದು ಬನ್ನಿ. ಇದೇ ಪ್ರಶ್ನೆಗಳನ್ನು ಕಾಫಿ ಕೊಡುವ ಕೋಣೆಯಲ್ಲೂ ಕೇಳಿ. ಅಲ್ಲಿ ಸರಿಯಾದ ಉತ್ತರ ಬಂದರೆ ಅಲ್ಲಿಯೇ ಕೊಡಿ, ನನಗೇನೂ ಆಕ್ಷೇಪವಿಲ್ಲ. ಚಿನ್ನದ ಸೂಜಿಯೆಂದು ಕಣ್ಣಿಗೆ ಚುಚ್ಚಿಕೊಳ್ಳಬೇಡಿ ಎನ್ನುವುದಷ್ಟೇ ನನ್ನ ವಾದ. ಹೊಸ ಗಡಿಯಾರವನ್ನು ಹೊಸದಾಗಿಯೇ ಇಡುವುದು ನಿಮ್ಮ ಉದ್ದೇಶವಾದರೆ ಕಂಪನಿಯ ಪದ್ಧತಿ ಒಳ್ಳೆಯದೇ. ಅಪ್ಪನದೋ ತಾತನದೋ ಆಗಿದ್ದರೆ, ಅದನ್ನು ಹಾಗೆಯೇ ಉಳಿಸಿ ನಡೆಸಬಲ್ಲ, ಮುಖ ತೋರಿಸುವ, ಹೆಸರು ಹೇಳುವ ಕೈಯನ್ನು ಹುಡುಕಬೇಕು.

ಸಾಹೇಬರಿಗೆ ಈಗ ಎಪ್ಪತ್ತೊಂದು. ಅವರ ಮಗ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದಾನೆ; ಈ ಕೆಲಸಕ್ಕೆ ಬರುವುದಿಲ್ಲ. ಬರಲಿ ಎಂದು ಸಾಹೇಬರೂ ಹೇಳುವುದಿಲ್ಲ. ನೀವೆಲ್ಲ ಗುರುವಂದನೆಯಂದು ಕೊಟ್ಟ ಕಾಣಿಕೆಯ ಹಣದಲ್ಲಿ ಅವರಿಗೊಂದು ವೇಗವಳೆಯುವ ಯಂತ್ರ ಕೊಡಿಸಿದರೆ ಹೇಗೆಂದು ನಮ್ಮ ಮನೆಯವರು ಕೇಳಿದರು. ಹೋಗಿ ಕೇಳಿದೆ. ‘ಈಗ ಯಾಕೆ ಮೇಷ್ಟ್ರೇ’ ಎಂದು ಮೊದಲು ನಕ್ಕರು. ಆಮೇಲೆ, ಅದು ಎಷ್ಟು ಉದ್ದ, ಎಷ್ಟು ಅಗಲ, ಪೆಟ್ಟಿಗೆಯೊಳಗೆ ಹಿಡಿಸುತ್ತದೆಯೇ ಎಂದು ವಿಚಾರಿಸಿದರು. ಬೆಂಗಳೂರಿನಿಂದ ತರಿಸಲು ಹೇಳಿದ್ದೇನೆ.

ಮಾವನವರ ಗಡಿಯಾರ ಈಗ ನಮ್ಮಲ್ಲಿದೆ. ಅತ್ತೆಯವರು ಹೋದ ಮೇಲೆ ಕೀ ಕೊಡುವುದು ನಮ್ಮ ಮನೆಯವರ ಪಾಲಿಗೆ ಬಂದಿದೆ. ಹನ್ನೆರಡು ವರ್ಷ ದಾಟಿದ್ದರಿಂದ ಮತ್ತೆ ಸರ್ವಿಸಿಗೆ ಕೊಡಬೇಕಾದ ಕಾಲ. ಈ ಸಲ ಬೆಂಗಳೂರಿನ ಒಬ್ಬ ಸ್ವತಂತ್ರ ದುರಸ್ತಿಗಾರರ ಬಳಿ ಹೋಗುತ್ತಿದ್ದೇನೆ. ಸಾಹೇಬರೇ ವಿಚಾರಿಸಿ ಹೇಳಿದವರು. ಏನನ್ನು ಮುಟ್ಟಬೇಕು, ಏನನ್ನು ಮುಟ್ಟಬಾರದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಮಿಂಚಂಚೆ ಕಳುಹಿಸಿದ ನನ್ನ ವಿದ್ಯಾರ್ಥಿಗೆ ತಿದ್ದಿಕೊಡಲು ಕಳುಹಿಸಿದ್ದೇನೆ. ಅವನೂ ಜೊತೆಗೆ ಬರುತ್ತಾನಂತೆ, ನೋಡುವುದಕ್ಕೆ.